ಬೆಂಕಿಯ ಸಿಹಿ, ಬರ್ಫದ ಸಿಹಿ

ಧಾರವಾಡದ ಪೇಡೆಯ ರುಚಿ ನೋಡದ ವಿದ್ಯಾರ್ಥಿಗಳು ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಸಿಗಲಿಕ್ಕಿಲ್ಲ. ಆದರೆ ಅದನ್ನು ಬಾಯಿಗೆ ಹಾಕಿಕೊಳ್ಳುವಾಗ ಒಂದು ಪ್ರಶ್ನೆಯನ್ನು ನೀವು ಕೇಳಿಕೊಂಡಿದ್ದೀರೋ ಇಲ್ಲವೋ: ಹಾಲಿನಲ್ಲಿದ್ದ ನೀರೆಲ್ಲ ಎಲ್ಲಿ ಹೋಯಿತು? ಎಮ್ಮೆಯ ಹಾಲಿನ 100 ಭಾಗದಲ್ಲಿ 80ಕ್ಕೂ ಹೆಚ್ಚು ಭಾಗ ನೀರೇ ಇರುತ್ತದೆ. ಆ ನೀರನ್ನು ಕಡಾಯಿಯಲ್ಲಿ ಗಂಟೆಗಟ್ಟಲೆ ಕಾಯಿಸಿ ಓಡಿಸಿದ ಮೇಲೆ ಉಳಿದ ಖವೆಯನ್ನು ಕಂದು ಬಣ್ಣ ಬರುವವರೆಗೆ ಹುರಿದು, ಸಕ್ಕರೆ ಸೇರಿಸಿ, ಉಂಡೆ ಮಾಡಿ, ಸಕ್ಕರೆಪುಡಿಯಲ್ಲಿ ಹೊರಳಿಸಿದರೆ ಪೇಡೆಯಾಯಿತು. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದು ನೆಲೆಸಿದ ಠಾಕೂರ್ ಮನೆತನದವರು ಈ ಊರಿಗೆ ತಂದ ಕಸಬು ಇದು. ಬೆಳಗಾವಿಯ ಕುಂದಾ ಕೂಡ ಹೀಗೆಯೇ ಹಾಲಿನ ನೀರನ್ನು ಹೊರಗಟ್ಟಿದ ಸಿಹಿ. ಗೋಕಾಕ ಮತ್ತು ಅಮೀನಗಡದ ಕರದಂಟು ಬೆಲ್ಲದ ಪಾಕದಲ್ಲಿ ಅಂಟನ್ನೂ ಒಣಹಣ್ಣುಗಳನ್ನೂ ಹಿಡಿದಿಟ್ಟ ಸಿಹಿ. ನಮ್ಮ ಸೀಮೆಯ ಹೆಸರುವಾಸಿ ಸಿಹಿಗಳೆಲ್ಲ ಬೆಂಕಿಯ ಮಕ್ಕಳು. ಕಾರಣವೂ ಸ್ಪಷ್ಟ. ನೀರು ಇದ್ದಲ್ಲಿ ಸೂಕ್ಷ್ಮಜೀವಿ ಬೆಳೆಯುತ್ತದೆ, ತಿನಿಸು ಹಳಸುತ್ತದೆ. ನೀರನ್ನು ತೆಗೆದುಬಿಟ್ಟರೆ ಬಿಸಿಲುನಾಡಿನಲ್ಲೂ ಸಿಹಿ ನಾಲ್ಕಾರು ದಿನ ತಡೆಯುತ್ತದೆ, ಬುತ್ತಿಯ ಜೊತೆ ಪ್ರಯಾಣ ಮಾಡುತ್ತದೆ.

ಈಗ ಇದಕ್ಕೆ ಪೂರ್ತಿ ವಿರುದ್ಧವಾದ ಒಂದು ಸಿಹಿಯನ್ನು ಕಲ್ಪಿಸಿಕೊಳ್ಳಿ. ಇದರಲ್ಲಿ ನೀರನ್ನು ಓಡಿಸುವುದಿಲ್ಲ, ಇದ್ದಲ್ಲಿಯೇ ಹೆಪ್ಪುಗಟ್ಟಿಸಿ ಕಟ್ಟಿಹಾಕುತ್ತಾರೆ. ನಿಂಬೆಯ ರಸ, ಸಕ್ಕರೆಯ ಪಾಕ, ಹಾಲಿನ ಕೆನೆ, ಮತ್ತು ಹತ್ತಿಯಂತೆ ಬೆಳ್ಳಗಾಗುವವರೆಗೆ ಕಡೆದ ಮೊಟ್ಟೆಯ ಬಿಳಿ. ಪಾಕ ಸೇರಿಸಿ ಕಡೆದ ಈ ಮೊಟ್ಟೆಯ ನೊರೆಗೆ ಮೆರಾಂಗ್ ಎಂದು ಹೆಸರು. ಎಲ್ಲವನ್ನೂ ಹಗುರ ಕೈಯಿಂದ ಬೆರೆಸಿ ಬಟ್ಟಲಿಗೆ ತುಂಬಿ ಹೆಪ್ಪುಗಟ್ಟಿಸಿದರೆ ಫ್ರೆಂಚರು 'ಸೂಫ್ಲೆ ಗ್ಲಾಸೆ' ಎನ್ನುವ, ಅಂದರೆ ಬರ್ಫದ ಸೂಫ್ಲೆ ಎನ್ನುವ ಹಳೆಯ ಕಾಲದ ಔತಣದ ಸಿಹಿ ಸಿದ್ಧ. ಇದರಲ್ಲೊಂದು ಸಣ್ಣ ಕಣ್ಕಟ್ಟೂ ಇದೆ. ನಿಜವಾದ ಸೂಫ್ಲೆ ಒಲೆಯ ಶಾಖಕ್ಕೆ ಉಬ್ಬಿ ಬಟ್ಟಲಿನ ಅಂಚನ್ನು ಮೀರಿ ಮೇಲೇಳುತ್ತದೆ. ಈ ತಣ್ಣನೆಯ ಸೂಫ್ಲೆ ಎಲ್ಲಿ ಉಬ್ಬೀತು? ಅದಕ್ಕಾಗಿ ಬಟ್ಟಲಿನ ಸುತ್ತ ಎತ್ತರದ ಕಾಗದದ ಪಟ್ಟಿಯೊಂದನ್ನು ಬಿಗಿದು, ಅಂಚಿಗಿಂತ ಎರಡು ಬೆರಳು ಮೇಲಕ್ಕೆ ತುಂಬಿ, ಗಟ್ಟಿಯಾದ ನಂತರ ಕಾಗದವನ್ನು ಬಿಡಿಸುತ್ತಾರೆ. ನೋಡುವವರಿಗೆ ಅದು ಒಲೆಯಿಂದಲೇ ಉಬ್ಬಿ ಬಂದಂತೆ ಕಾಣುತ್ತದೆ. ಶ್ರೀಮಂತರ ಊಟದ ಮೇಜಿನ ಮೇಲೆ ಇಂಥ ನಟನೆಗಳಿಗೆ ಬೆಲೆ ಇತ್ತು.

ಈ ಸಿಹಿಯ ಸಾಮಾನುಗಳನ್ನು ಮತ್ತೊಮ್ಮೆ ಎಣಿಸಿ ನೋಡಿ. ನಿಂಬೆ, ಸಕ್ಕರೆ, ಕೆನೆ, ಮೊಟ್ಟೆ. 1850ರಲ್ಲಿ ಇವುಗಳಲ್ಲಿ ಯಾವುದು ಧಾರವಾಡದ ಸಂತೆಯಲ್ಲಿ ಸಿಗುತ್ತಿರಲಿಲ್ಲ? ಎಲ್ಲವೂ ಸಿಗುತ್ತಿದ್ದವು. ಸಿಗದೆ ಇದ್ದದ್ದು ಒಂದೇ: ತಣ್ಪು. ಈ ಸಿಹಿಯ ಇತಿಹಾಸ ಎಂದರೆ ನಿಜದಲ್ಲಿ ತಣ್ಪಿನ ಇತಿಹಾಸ. ಅದನ್ನು ಯಾರು ಹುಟ್ಟಿಸಬಲ್ಲವರಾಗಿದ್ದರು, ಯಾರು ಕೊಳ್ಳಬಲ್ಲವರಾಗಿದ್ದರು, ಯಾರು ಹೊತ್ತು ತರಬೇಕಾಗಿತ್ತು ಎಂಬುದರ ಇತಿಹಾಸ.

ಮೊದಲು ನಿಂಬೆಯ ಮಾತು. ಲಿಂಬು ಜಾತಿಯ ಹಣ್ಣುಗಳ ತವರು ಹಿಮಾಲಯದ ಆಗ್ನೇಯ ತಪ್ಪಲು, ಅಂದರೆ ಅಸ್ಸಾಂ, ಉತ್ತರ ಮ್ಯಾನ್ಮಾರ್, ಪಶ್ಚಿಮ ಯುನ್ನಾನ್ ಸೀಮೆ ಎಂದು 2018ರಲ್ಲಿ ಪ್ರಕಟವಾದ ವಂಶವಾಹಿ ಸಂಶೋಧನೆಯೊಂದು ತೋರಿಸಿದೆ. ನಾವು ದಿನವೂ ಹಿಂಡುವ ತೆಳುಸಿಪ್ಪೆಯ ಕಾಗಜಿ ಲಿಂಬೆಯೂ ಯುರೋಪಿನವರ ದಪ್ಪಸಿಪ್ಪೆಯ ಹಳದಿ ಲೆಮನ್ನೂ ಬೇರೆ ಬೇರೆ ಹಣ್ಣುಗಳೇ ಆದರೂ ಎರಡಕ್ಕೂ ತಂದೆ ಒಬ್ಬನೇ. ಅದು ನಮ್ಮ ಮಾದಲ. ಹಣ್ಣಿನ ಜೊತೆ ಹೆಸರೂ ಪಯಣ ಮಾಡಿತು. ಸಂಸ್ಕೃತದ 'ನಿಂಬೂಕ' ಪಾರಸಿಯಲ್ಲಿ 'ಲೀಮೂ', ಅರಬ್ಬಿಯಲ್ಲಿ 'ಲೈಮೂನ್', ಇಟಲಿಯಲ್ಲಿ 'ಲಿಮೋನೆ', ಇಂಗ್ಲಿಷಿನಲ್ಲಿ 'ಲೆಮನ್' ಆಯಿತು. 'ಶರ್ಕರಾ' ಎಂಬುದು 'ಶಕರ್', 'ಸುಕ್ಕರ್' ಎಂದಾಗಿ ಕೊನೆಗೆ 'ಶುಗರ್' ಆಯಿತು. ಕುಡಿಯುವುದು ಎಂಬ ಅರ್ಥದ ಅರಬ್ಬಿ ಧಾತುವಿನಿಂದ ಹುಟ್ಟಿದ 'ಶರಬತ್' ಇಟಲಿಗೆ ಹೋಗಿ 'ಸೋರ್ಬೆತ್ತೊ' ಎನಿಸಿಕೊಂಡಿತು, ಫ್ರಾನ್ಸಿನಲ್ಲಿ 'ಸಾರ್ಬೆ'. ಹುಬ್ಬಳ್ಳಿಯ ತಳ್ಳುಗಾಡಿಯ ಲಿಂಬು ಶರಬತ್ತಿಗೂ ಪ್ಯಾರಿಸ್ಸಿನ ಸಾರ್ಬೆಗೂ ಇರುವ ನಂಟು ಹೆಸರಿನಲ್ಲಿಯೇ ಇದೆ.

ನಮ್ಮವರು ಪಾನೀಯವನ್ನು ಹಗುರವಾಗಿ ಕಂಡವರಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜನ ಭೋಗಗಳನ್ನು ವಿವರಿಸುವಾಗ ನೀರಿಗೆ ಬೇರೆ, ಪಾನಕಕ್ಕೆ ಬೇರೆ ಸ್ಥಾನ ಕೊಟ್ಟಿದ್ದಾನೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ ಬರೆದ 'ಸೂಪಶಾಸ್ತ್ರ'ದಲ್ಲಿ ಪಾನಕಗಳಿಗೇ ಒಂದು ಅಧ್ಯಾಯ ಮೀಸಲು. ಹುಳಿ, ಸಿಹಿ, ಏಲಕ್ಕಿ, ಕರ್ಪೂರ ಇವೆಲ್ಲ ಆ ಕಾಲಕ್ಕೆ ಗೊತ್ತಿದ್ದ ಸಂಗತಿಗಳು. ತಣ್ಣಗೆ ಮಾಡಲು ಮಣ್ಣಿನ ಪಾತ್ರೆಯೇ ಆಧಾರ. ನಿಮ್ಮ ಅಜ್ಜಿಯ ಮನೆಯ ಮೂಲೆಯಲ್ಲಿ ಉಸುಕಿನ ಮೇಲೆ ಕೂತಿದ್ದ ಹರವಿಯನ್ನು ನೆನಪಿಸಿಕೊಳ್ಳಿ. ಅದರ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೊತ್ತೊಯ್ಯುತ್ತದೆ. ಗಾಳಿ ಒಣಗಿದಷ್ಟೂ ನೀರು ತಂಪು. ಆದರೆ ಈ ವಿದ್ಯೆಗೆ ಒಂದು ಮಿತಿ ಇದೆ. ನಮ್ಮ ಬೇಸಿಗೆಯ ಗಾಳಿಯಲ್ಲಿ ಹರವಿ ಎಷ್ಟು ಬೆವರಿದರೂ ಒಳಗಿನ ನೀರು ಹೆಪ್ಪುಗಟ್ಟುವ ಮಟ್ಟದ ಹತ್ತಿರಕ್ಕೂ ಇಳಿಯುವುದಿಲ್ಲ.

ಹರವಿಗಿಂತ ಒಂದು ಹೆಜ್ಜೆ ಮುಂದಿನದು ಪೆಟ್ಲುಪ್ಪು. ಸಿಡಿಮದ್ದಿಗೆ ಬಳಸುವ ಇದೇ ಉಪ್ಪನ್ನು ನೀರಿನಲ್ಲಿ ಕರಗಿಸಿದರೆ ಅದು ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಆ ನೀರಿನಲ್ಲಿ ಹೂಜಿಯನ್ನು ತಿರುಗಿಸುತ್ತಿದ್ದರೆ ಹೂಜಿಯೊಳಗಿನ ನೀರು ತಣ್ಣಗಾಗುತ್ತದೆ. ಅಕ್ಬರನ ಆಸ್ಥಾನದಲ್ಲಿ ಈ ಕ್ರಮವಿತ್ತೆಂದು ಅಬುಲ್ ಫಜಲ್ 'ಆಯಿನ್-ಇ-ಅಕ್ಬರಿ'ಯಲ್ಲಿ ಬರೆದಿದ್ದಾನೆ. ಆಸ್ಥಾನ ಲಾಹೋರಿಗೆ ಹೋದ ಮೇಲೆ ಉತ್ತರದ ಬೆಟ್ಟಗಳಿಂದ ದೋಣಿ, ಗಾಡಿ, ಹೊರೆಯಾಳುಗಳ ಮೂಲಕ ಹಿಮವನ್ನೇ ತರಿಸತೊಡಗಿದರು. ಬೇಸಿಗೆಯಲ್ಲಿ ಎಲ್ಲ ದರ್ಜೆಯವರೂ, ಶ್ರೀಮಂತ ಸರದಾರರು ವರ್ಷವಿಡೀ ಅದನ್ನು ಬಳಸುತ್ತಿದ್ದರೆಂಬುದು ಅವನ ಮಾತು. ಆಸ್ಥಾನದ ಇತಿಹಾಸಕಾರನ 'ಎಲ್ಲರೂ' ಎಂಬ ಮಾತಿನೊಳಗೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಸದಾ ಕೇಳಬೇಕು. ಹಿಮವನ್ನು ಹೊತ್ತವರ ಹೆಗಲು ಮಾತ್ರ ಖಂಡಿತ ತಣ್ಣಗಾಗಿದ್ದೀತು.

ಇನ್ನೂ ಸೋಜಿಗದ್ದು ಅಲಹಾಬಾದಿನ ಬರ್ಫ. ಅಲ್ಲಿ ಹಿಮ ಬೀಳುವುದಿಲ್ಲ. ಆದರೂ ಮಂಜುಗಡ್ಡೆ ಮಾಡುತ್ತಿದ್ದರು. ಸರ್ ರಾಬರ್ಟ್ ಬಾರ್ಕರ್ ಎಂಬ ಸೇನಾಧಿಕಾರಿ ಇದನ್ನು ಕಣ್ಣಾರೆ ಕಂಡು ಬರೆದ ಲೇಖನ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಬಯಲಿನಲ್ಲಿ ಸುಮಾರು 30 ಅಡಿ ಚೌಕದ, 2 ಅಡಿ ಆಳದ ಗುಂಡಿ ತೋಡಿ, ತಳಕ್ಕೆ ಒಣಗಿದ ಕಬ್ಬಿನ ಅಥವಾ ಮೆಕ್ಕೆಜೋಳದ ದಂಟನ್ನು ದಪ್ಪಗೆ ಹಾಸುತ್ತಿದ್ದರು. ಅದರ ಮೇಲೆ ಸಾಲುಸಾಲಾಗಿ ಸಣ್ಣ ಸಣ್ಣ ಮಣ್ಣಿನ ತಟ್ಟೆಗಳು. ಆಳ ಒಂದು ಅಂಗುಲಕ್ಕಿಂತ ತುಸು ಹೆಚ್ಚು. ಸಂಜೆ ಅವುಗಳಿಗೆ ಕುದಿಸಿ ಆರಿಸಿದ ನೀರು ತುಂಬುವುದು. ಮೋಡವಿಲ್ಲದ, ಗಾಳಿಯಿಲ್ಲದ ಚಳಿಗಾಲದ ರಾತ್ರಿಯಾದರೆ ತಟ್ಟೆಯ ನೀರು ತನ್ನ ಶಾಖವನ್ನು ಬರಿದಾದ ಆಕಾಶದ ಕಡೆಗೆ ಸೂಸುತ್ತ ಸೂಸುತ್ತ, ಸುತ್ತಲಿನ ಗಾಳಿಗಿಂತಲೂ ಹೆಚ್ಚು ತಣ್ಣಗಾಗಿ ಹೆಪ್ಪುಗಟ್ಟುತ್ತಿತ್ತು. ಕೆಳಗಿನ ದಂಟಿನ ಹಾಸು ನೆಲದ ಬಿಸಿ ಮೇಲೇರದಂತೆ ತಡೆಯುತ್ತಿತ್ತು. ಸೂರ್ಯ ಹುಟ್ಟುವ ಮೊದಲೇ ಕೂಲಿಯಾಳುಗಳು ಆ ತೆಳು ಬಿಲ್ಲೆಗಳನ್ನೆಲ್ಲ ಆರಿಸಿ, ಹುಲ್ಲು ಮತ್ತು ಕಂಬಳಿ ಹೊದಿಸಿದ ಆಳವಾದ ಹಗೇವಿಗೆ ಸುರಿದು ಗುದ್ದಿ ಗಟ್ಟಿಮಾಡುತ್ತಿದ್ದರು. ಜೋಳ ತುಂಬುವ ಹಗೇವು ನಮ್ಮ ಸೀಮೆಯವರಿಗೆ ಗೊತ್ತು. ಅಲ್ಲಿ ಬರ್ಫದ ಹಗೇವು. ವಸ್ತುಗಳು ಶಾಖವನ್ನು ವಿಕಿರಣದ ಮೂಲಕ ಕಳೆದುಕೊಳ್ಳುತ್ತವೆ ಎಂಬ ಪಾಠವನ್ನು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಿ. ಆ ಪಾಠದ ಹೆಸರೇ ಕೇಳದ ಕೂಲಿಕಾರರು ಅದನ್ನು ಪ್ರತಿ ರಾತ್ರಿ ಪ್ರಯೋಗಕ್ಕೆ ತರುತ್ತಿದ್ದರು. ಧಾರವಾಡದ ಚಳಿಗಾಲದ ರಾತ್ರಿಗಳು ಅಷ್ಟು ಕಟುವಲ್ಲ. ಇಲ್ಲಿ ಸಾವಿರ ತಟ್ಟೆ ಇಟ್ಟರೂ ಬೆಳಿಗ್ಗೆ ತಣ್ಣೀರೇ ಸಿಗುತ್ತಿತ್ತು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಬರ್ಫ ಕೈಗೆ ಬಂದ ಮಾತ್ರಕ್ಕೆ ಶರಬತ್ತು ಸಾರ್ಬೆಯಾಗುವುದಿಲ್ಲ. ಸಕ್ಕರೆ ಕರಗಿದ ನೀರು ಸೊನ್ನೆ ಡಿಗ್ರಿಗಿಂತ ಕೆಳಗೆ ಮಾತ್ರ ಹೆಪ್ಪುಗಟ್ಟುತ್ತದೆ. ಕರಗುತ್ತಿರುವ ಮಂಜುಗಡ್ಡೆಯದೋ ಸೊನ್ನೆ ಡಿಗ್ರಿ. ಆದ್ದರಿಂದ ಬರಿಯ ಬರ್ಫದಲ್ಲಿ ಶರಬತ್ತಿನ ಪಾತ್ರೆಯನ್ನು ಇಡೀ ದಿನ ಹುಗಿದಿಟ್ಟರೂ ಅದು ತಣ್ಣಗಿನ ಶರಬತ್ತಾಗಿಯೇ ಉಳಿಯುತ್ತದೆ. ಆ ಗೆರೆಯನ್ನು ದಾಟಿಸಿದ್ದು ಅಡುಗೆಮನೆಯ ಉಪ್ಪು. ಮೂರು ಪಾಲು ಪುಡಿಬರ್ಫಕ್ಕೆ ಒಂದು ಪಾಲು ಉಪ್ಪು ಬೆರೆಸಿದರೆ ಉಪ್ಪು ಬರ್ಫವನ್ನು ಕರಗಿಸುತ್ತದೆ. ಕರಗಲು ಬೇಕಾದ ಶಾಖವನ್ನು ಮಿಶ್ರಣ ತನ್ನಿಂದಲೇ ಕಿತ್ತುಕೊಳ್ಳುತ್ತದೆ. ಹೀಗಾಗಿ ಅದು ಸೊನ್ನೆಗಿಂತ 21 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೂ ಇಳಿಯಬಲ್ಲದು. ಉಪ್ಪುಗಳಿಂದ ತಣ್ಪು ಹುಟ್ಟಿಸುವ ವಿಚಾರ 13ನೆಯ ಶತಮಾನದ ಅರಬ್ಬೀ ವೈದ್ಯ ಇಬ್ನ್ ಅಬೀ ಉಸೈಬಿಯಾನ ಬರಹದಲ್ಲಿ ಬರುತ್ತದೆ. ನೇಪಲ್ಸಿನ ಜಾಂಬತ್ತಿಸ್ತಾ ದೆಲ್ಲಾ ಪೋರ್ತಾ 1589ರ ತನ್ನ ಗ್ರಂಥದಲ್ಲಿ ಹಿಮ ಮತ್ತು ಪೆಟ್ಲುಪ್ಪಿನ ನಡುವೆ ದ್ರಾಕ್ಷಾರಸವನ್ನು ಹೆಪ್ಪುಗಟ್ಟಿಸುವುದನ್ನು ವಿವರಿಸಿದ. ಅದೇ ನೇಪಲ್ಸಿನಲ್ಲಿ ಆಂಟೋನಿಯೊ ಲಾತಿನಿ ಎಂಬ ಅಡುಗೆ ಮೇಲ್ವಿಚಾರಕ 1690ರ ದಶಕದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ನಿಂಬೆಯ ಸೋರ್ಬೆತ್ತೊ ಮಾಡುವ ಕ್ರಮ ಇದೆ. ಹತ್ತಿರದ ಬೆಟ್ಟಗಳಿಂದ ಹಿಮ, ಕಡಲಿನಿಂದ ಉಪ್ಪು, ತೋಟದಿಂದ ನಿಂಬೆ. ಆ ಊರಿಗೆ ಮೂರೂ ಒಂದೇ ಕಡೆ ಒದಗಿದ್ದವು.

ಮೊಟ್ಟೆಯ ನೊರೆಯ ಕಥೆ ಚಿಕ್ಕದು. ಇಂಗ್ಲೆಂಡಿನ ಎಲಿನರ್ ಫೆಟಿಪ್ಲೇಸ್ ಎಂಬ ಗೃಹಿಣಿಯ 1604ರ ಅಡುಗೆ ಹಸ್ತಪ್ರತಿಯಲ್ಲಿ ಮೊಟ್ಟೆಯ ಬಿಳಿ ಮತ್ತು ಸಕ್ಕರೆಯಿಂದ ಮಾಡುವ ಬಿಳಿ ಬಿಸ್ಕತ್ತಿನ ವಿಧಾನವಿದೆ. 'ಮೆರಾಂಗ್' ಎಂಬ ಹೆಸರಿನಿಂದ ಅದು ಅಚ್ಚಾದದ್ದು 1692ರಲ್ಲಿ, ಫ್ರೆಂಚ್ ಬಾಣಸಿಗ ಫ್ರಾಂಸ್ವಾ ಮಸಿಯಾಲೊನ ಪುಸ್ತಕದಲ್ಲಿ. ಸ್ವಿಟ್ಜರ್‌ಲೆಂಡಿನ ಮೈರಿಂಗೆನ್ ಊರಿನವನೊಬ್ಬ ಅದನ್ನು ಕಂಡುಹಿಡಿದನೆಂಬ ಕಥೆ ಜನಪ್ರಿಯವಾದರೂ ಅದಕ್ಕೆ ಆಧಾರವಿಲ್ಲ. ಆದರೆ ಹೆಪ್ಪುಗಟ್ಟಿದ ಸಿಹಿಗೆ ಈ ನೊರೆ ಮಾಡುವ ಉಪಕಾರ ಏನು ಎಂಬುದು ಮುಖ್ಯ. ರಸವನ್ನು ಸುಮ್ಮನೆ ಇಟ್ಟು ಹೆಪ್ಪುಗಟ್ಟಿಸಿದರೆ ನೀರಿನ ಹರಳುಗಳು ಒಂದಕ್ಕೊಂದು ಕೂಡಿ ಕಲ್ಲಿನಂತಾಗುತ್ತವೆ. ಆದ್ದರಿಂದ ಸಾರ್ಬೆ ಮತ್ತು ಐಸ್‌ಕ್ರೀಮನ್ನು ಹೆಪ್ಪುಗಟ್ಟುವವರೆಗೂ ತಿರುವುತ್ತಲೇ ಇರಬೇಕು. ನೊರೆಯಲ್ಲಾದರೋ ಲಕ್ಷಾಂತರ ಗಾಳಿಗುಳ್ಳೆಗಳು ಹರಳುಗಳ ನಡುವೆ ಗೋಡೆಯಂತೆ ನಿಂತುಬಿಡುತ್ತವೆ. ತಿರುವದೆಯೇ ಸಿಹಿ ಮೆತ್ತಗೆ ಉಳಿಯುತ್ತದೆ. ತಿರುವುವ ದುಡಿಮೆಯನ್ನು ಮೊದಲೇ ಕಡೆಯುವ ದುಡಿಮೆಯಾಗಿ ಬದಲಿಸಿದ್ದೇ ಇಲ್ಲಿಯ ಜಾಣತನ.

ಈ ತಿನಿಸು ಭಾರತದ ಬ್ರಿಟಿಷರ ಮೇಜಿಗೆ ಬರಬೇಕಾದರೆ ಮೊದಲು ಬರ್ಫ ಬರಬೇಕಿತ್ತು. ಅದು ಬಂದದ್ದು ನಂಬಲಾಗದ ದಾರಿಯಿಂದ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಅಮೆರಿಕದ ಕೆರೆಗಳ ಮೇಲೆ ಚಳಿಗಾಲದಲ್ಲಿ ಕಟ್ಟುವ ಮಂಜುಗಡ್ಡೆಯನ್ನು ಕೊಯ್ಸಿ ಹಡಗಿಗೆ ತುಂಬಿ ಮಾರುತ್ತಿದ್ದ. 1833ರ ಮೇ ತಿಂಗಳಲ್ಲಿ 'ಟಸ್ಕನಿ' ಎಂಬ ಹಡಗು ಸುಮಾರು 180 ಟನ್ ಬರ್ಫ ಹೊತ್ತು ಬಾಸ್ಟನ್ ಬಿಟ್ಟಿತು. ನಾಲ್ಕು ತಿಂಗಳ ಪಯಣ. ಭೂಮಧ್ಯರೇಖೆಯನ್ನು ಎರಡು ಸಲ ದಾಟಬೇಕು. ಸೆಪ್ಟೆಂಬರಿನಲ್ಲಿ ಕಲ್ಕತ್ತಾ ತಲುಪಿದಾಗ ಸುಮಾರು 100 ಟನ್ ಉಳಿದಿತ್ತು. ಮರಗೆಲಸದ ಹೊಟ್ಟು ಅದನ್ನು ಕಾಪಾಡಿತ್ತು. ಮರುವರ್ಷ ಮುಂಬಯಿಗೂ ಅಮೆರಿಕದ ಬರ್ಫ ಬಂತು. ಅದೇ 1834ರಲ್ಲಿ ಜಮ್‌ಶೇಟ್‌ಜಿ ಜೀಜೀಭಾಯಿ ತಮ್ಮ ಔತಣದಲ್ಲಿ ಐಸ್‌ಕ್ರೀಮ್ ಬಡಿಸಿದರು, ಅವರಿಗೂ ಅತಿಥಿಗಳಿಗೂ ನೆಗಡಿ ಹಿಡಿಯಿತು ಎಂದು ಮುಂಬಯಿಯ ಪತ್ರಿಕೆ ಬರೆಯಿತು. ಮದ್ರಾಸಿನ ಕಡಲ ದಂಡೆಯಲ್ಲಿ 1840ರ ದಶಕದಲ್ಲಿ ಕಟ್ಟಿದ ಐಸ್ ಹೌಸ್ ಇಂದು ವಿವೇಕಾನಂದರ ಸ್ಮಾರಕವಾಗಿ ನಿಂತಿದೆ. ಅಮೆರಿಕದ ಲೇಖಕ ಥೋರೋ ವಾಸವಿದ್ದ ವಾಲ್ಡನ್ ಕೊಳದಲ್ಲಿಯೂ 1846-47ರ ಚಳಿಗಾಲದಲ್ಲಿ ಬರ್ಫ ಕೊಯ್ದರು. ತನ್ನ ಕೊಳದ ನೀರು ಗಂಗೆಯ ನೀರಿಗೆ ಸೇರುತ್ತಿದೆಯಲ್ಲ ಎಂದು ಅವನು ಬೆರಗಾದ. ಕಲ್ಕತ್ತೆಯಲ್ಲಿ ದಾಸ್ತಾನು ಕಡಿಮೆಯಾದಾಗ ವೈದ್ಯರ ಚೀಟಿ ತಂದವರಿಗೆ ಮೊದಲು ಬರ್ಫ ಕೊಡುತ್ತಿದ್ದರು. ಇತ್ತ, ತಟ್ಟೆಗಳಲ್ಲಿ ಬರ್ಫ ಕಟ್ಟಿಸುತ್ತಿದ್ದ ಹೂಗ್ಲಿಯವರ ಗಿರಾಕಿಗಳು ದೂರವಾದರು. ಹೊಟ್ಟೆಗೆ ಹೊಡೆಯುವ ಪೈಪೋಟಿ ಏಳು ಕಡಲಿನ ಆಚೆಯಿಂದಲೂ ಬರಬಹುದು ಎಂಬುದು ನಮ್ಮ ನೇಕಾರರಿಗೆ ಆಗಲೇ ಗೊತ್ತಿತ್ತು. ಕೊನೆಗೆ ಅಮೆರಿಕದ ಬರ್ಫವನ್ನೂ ಯಂತ್ರ ಓಡಿಸಿತು. 1874ರಲ್ಲಿ ಮದ್ರಾಸಿನಲ್ಲಿ, 1878ರಲ್ಲಿ ಕಲ್ಕತ್ತೆಯಲ್ಲಿ ಉಗಿಯಂತ್ರದಿಂದ ಬರ್ಫ ಮಾಡುವ ಕಂಪನಿಗಳು ಹುಟ್ಟಿದವು.

ಇವೆಲ್ಲ ಬಂದರು ಪಟ್ಟಣಗಳ ಮಾತಾಯಿತು. ಒಳನಾಡಿನ ಧಾರವಾಡಕ್ಕೂ ಬಂದರಿಗೂ ನಡುವೆ ಸಹ್ಯಾದ್ರಿ ನಿಂತಿತ್ತು. ಎತ್ತಿನ ಗಾಡಿಯಲ್ಲಿ ಹತ್ತಿ ಕಾರವಾರ, ಕುಮಟೆಗೆ ಇಳಿಯಬಹುದು, ಬರ್ಫ ಘಟ್ಟ ಹತ್ತಲಾರದು. ದೂರವನ್ನು ಕುಗ್ಗಿಸಿದ್ದು ರೈಲು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಧಾರವಾಡವೇ ಕೇಂದ್ರ. ಹುಬ್ಬಳ್ಳಿಯಲ್ಲಿ ಅದರ ಕಾರ್ಖಾನೆ. 1888ರ ಹೊತ್ತಿಗೆ ಈ ದಾರಿ ಲೋಂಡಾ, ಕ್ಯಾಸಲ್‌ರಾಕ್ ಮೂಲಕ ಗೋವೆಯ ಮಾರ್ಮುಗೋವಾ ಬಂದರಿಗೆ ಕೂಡಿಕೊಂಡಿತು. ಆದರೆ ಒಂದನ್ನು ಮರೆಯಬಾರದು. ಈ ಹಳಿಗಳ ಹಿಂದಿದ್ದ ದೊಡ್ಡ ಚಿಂತೆ ಸಾಹೇಬರ ಊಟದ್ದಲ್ಲ. 1876ರಿಂದ 78ರವರೆಗಿನ ಭೀಕರ ಬರಗಾಲದಲ್ಲಿ ಈ ಸೀಮೆಯ ಜನ ಅನ್ನವಿಲ್ಲದೆ ಸತ್ತಿದ್ದರು. ಧಾನ್ಯ ಇದ್ದ ಕಡೆಯಿಂದ ಇಲ್ಲದ ಕಡೆಗೆ ಒಯ್ಯುವ ಸಾಧನವಿಲ್ಲ ಎಂಬುದು ಆಗ ಎಲ್ಲರ ಕಣ್ಣಿಗೆ ಬಿದ್ದಿತು. ಮದ್ರಾಸಿನಲ್ಲಿ ಬರ್ಫದ ಯಂತ್ರ ಶುರುವಾಗಿ ಎರಡೇ ವರ್ಷಕ್ಕೆ ಆ ಬರ ಬಂದದ್ದು. ಈ ಎರಡು ತಾರೀಖುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ.

ರೈಲ್ವೆ ಕಂಪನಿಯ ಆ ಕಟ್ಟಡವನ್ನು ನಿಮ್ಮಲ್ಲಿ ಅನೇಕರು ದಿನವೂ ನೋಡುತ್ತೀರಿ, ಕೆಲವರು ಅದರೊಳಗೆ ಕೂತು ಪಾಠ ಕೇಳಿದ್ದೀರಿ. 1908ರಲ್ಲಿ ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ಕೂಡಿಹೋಯಿತು. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು ನಂತರ ಆ ಕಟ್ಟಡಕ್ಕೆ ಬಂದು ನೆಲೆಸಿತು. ದಕ್ಷಿಣದ ಬ್ರಿಟಿಷ್ ಅಧಿಕಾರಿಗಳ ಮನೆಗಳಲ್ಲಿ ಎಂಥ ಊಟ ಆಗಬೇಕೆಂದು ಬಯಸುತ್ತಿದ್ದರು ಎಂಬುದಕ್ಕೆ ಕರ್ನಲ್ ಕೆನ್ನಿ-ಹರ್ಬರ್ಟ್ 'ವೈವರ್ನ್' ಎಂಬ ಹೆಸರಿನಲ್ಲಿ ಮದ್ರಾಸಿಗಾಗಿ 1878ರಲ್ಲಿ ಬರೆದ ಅಡುಗೆ ಪುಸ್ತಕ ಸಾಕ್ಷಿ. ಅದರಲ್ಲಿ 30 ಪುಟ್ಟ ಔತಣಗಳ ಯಾದಿಯನ್ನೇ ಕೊಟ್ಟಿದ್ದಾನೆ. ಓದಿದ್ದು ಮೇಮ್‌ಸಾಹೇಬರು, ಮಾಡಿದ್ದು ಖಾನಸಾಮ. ನೀರನ್ನು, ಮದ್ಯವನ್ನು ತಣ್ಣಗಿಡುವ ಕೆಲಸಕ್ಕೇ 'ಆಬ್ದಾರ್' ಎಂಬ ಆಳು ಇರುತ್ತಿದ್ದ. ಐಸ್‌ಕ್ರೀಮ್ ತಿರುವುವ ಹಿಡಿಕೆಯ ಡಬ್ಬಿಗೆ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ 1843ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದಳು; ಅವಳ ಹೆಸರು ಉಳಿಯಿತು. ಅಂಥ ಹಿಡಿಕೆಯನ್ನು ಭಾರತದ ಬಂಗಲೆಗಳ ಹಿಂದಿನ ಅಡುಗೆಮನೆಯಲ್ಲಿ, ಸೆಕೆಯಲ್ಲಿ, ಉಪ್ಪುನೀರಿನಿಂದ ಉರಿಯುವ ಕೈಗಳಿಂದ ತಿರುವಿದವರ ಹೆಸರು ಯಾವ ಪುಸ್ತಕದ ಮುಖಪುಟಕ್ಕೂ ಬರಲಿಲ್ಲ.

ಊರಿನ ಮನೆಗಳೊಳಗೆ ಈ ತಿನಿಸು ಹೋಗದಿರಲು ಬರ್ಫದ ಬೆಲೆಯೊಂದೇ ಕಾರಣವಲ್ಲ. ಯಾರು ಮುಟ್ಟಿದ ನೀರು, ಯಾರು ಮಾಡಿದ ತಿನಿಸು ಎಂಬುದು ಆ ಕಾಲದ ದೊಡ್ಡ ಪ್ರಶ್ನೆ. ಧಾರವಾಡ ಸೇರಿದ್ದ ಅದೇ ಮುಂಬಯಿ ಪ್ರಾಂತದ ಪುಣೆಯಲ್ಲಿ 1890ರಲ್ಲಿ ಪಂಚ ಹೌದ ಮಿಷನ್ನಿನವರು ಕೊಟ್ಟ ಚಹಾ-ಬಿಸ್ಕತ್ತಿನ ಸಲುವಾಗಿ ತಿಲಕ್, ರಾನಡೆಯಂಥವರೂ ವಿಚಾರಣೆ ಎದುರಿಸಬೇಕಾಯಿತು. ಒಂದು ಕಪ್ಪು ಚಹಕ್ಕೆ ಇಷ್ಟು ಗದ್ದಲವಾದರೆ ಎಲ್ಲಿಯದೋ ನೀರಿನ ಬರ್ಫಕ್ಕೆ, ಅದರಲ್ಲಿ ಕಡೆದ ಮೊಟ್ಟೆಗೆ ಎಷ್ಟಾಗಬಹುದು! ಬ್ರಾಹ್ಮಣ, ಲಿಂಗಾಯತ, ಜೈನ ಮನೆಗಳಲ್ಲಿ ಮೊಟ್ಟೆ ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಎಷ್ಟೋ ಮನೆಗಳಲ್ಲಿ ಇಂದೂ ದಾಟುವುದಿಲ್ಲ. ಬರ್ಫ ಮಾತ್ರ ಮೆಲ್ಲಗೆ ಬೀದಿಗೆ ಇಳಿಯಿತು. ಬರ್ಫದ ಕಾರ್ಖಾನೆಗಳು ಬಂದವು, ಗೋಲಾ ಬಂತು, ಐಸ್‌ಕ್ಯಾಂಡಿ ಬಂತು. ಮಟ್ಕಾ ಕುಲ್ಫಿಯವನ ಗಡಿಗೆಯಲ್ಲಿ ಇಣುಕಿದರೆ ನೇಪಲ್ಸಿನ ಅದೇ ವಿದ್ಯೆ, ಬರ್ಫ ಮತ್ತು ಉಪ್ಪು, ಕಾಣುತ್ತದೆ. 1958ರಲ್ಲಿ ಗೋದ್ರೇಜ್ ಕಂಪನಿ ಭಾರತದಲ್ಲೇ ಫ್ರಿಜ್ ತಯಾರಿಸತೊಡಗಿದ ಮೇಲೆ ತಣ್ಪು ನಿಧಾನವಾಗಿ ಮನೆಯೊಳಗೆ ಬಂತು.

ಹೀಗಾಗಿ ರಾಜರಿಗೂ ದುರ್ಲಭವಾಗಿದ್ದ ಸಿಹಿಯನ್ನು ನೀವು ರಜೆಯ ದಿನ ಮಾಡಿ ನೋಡಬಹುದು. ಎಂಟು ಕಾಗಜಿ ಲಿಂಬೆಹಣ್ಣು ಸಾಕು. ವಿಜಯಪುರ ಜಿಲ್ಲೆಯ ಇಂಡಿಯ ಕಡೆಯವು ಸಿಕ್ಕರೆ ರಸ ಚೆನ್ನಾಗಿರುತ್ತದೆ. ಎರಡು ಹಣ್ಣಿನ ಸಿಪ್ಪೆಯ ಹಸಿರು ಭಾಗವನ್ನಷ್ಟೇ ತುರಿದುಕೊಳ್ಳಿ. ಒಳಗಿನ ಬಿಳಿ ಕಹಿ. ಮೂರು ಮೊಟ್ಟೆಯ ಬಿಳಿಯನ್ನು ಹಳದಿಯ ಒಂದು ಹನಿಯೂ ಸೇರದಂತೆ ಬೇರ್ಪಡಿಸಿ, ಎಣ್ಣೆಯ ಜಿಡ್ಡಿಲ್ಲದ ಪಾತ್ರೆಯಲ್ಲಿ ನಾಲ್ಕು ಹನಿ ಲಿಂಬೆರಸ ಹಾಕಿ ನೊರೆಯಾಗುವಂತೆ ಕಡೆಯಿರಿ. ಇನ್ನೊಂದು ಕಡೆ 180 ಗ್ರಾಂ ಸಕ್ಕರೆಗೆ ಕಾಲು ಲೋಟ ನೀರು ಹಾಕಿ ಪಾಕಕ್ಕಿಡಿ. ವಿದೇಶಿ ಪುಸ್ತಕಗಳು ಪಾಕ 118 ಡಿಗ್ರಿಗೆ ಬರಬೇಕು ಎನ್ನುತ್ತವೆ, ಅದಕ್ಕೊಂದು ಉಷ್ಣಮಾಪಕವನ್ನೂ ಕೊಳ್ಳಲು ಹೇಳುತ್ತವೆ. ನಿಮಗೆ ಅದು ಬೇಡ. ಪಂಚಮಿಯ ಉಂಡಿ ಕಟ್ಟಿದ ಅಜ್ಜಿ ಮನೆಯಲ್ಲಿದ್ದರೆ ಕರೆಯಿರಿ. ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಒತ್ತಿ, ಮೆತ್ತನೆಯ ಉಂಡೆಯಾಯಿತೇ ಎಂದು ನೋಡುವುದು ಅವರಿಗೆ ಗೊತ್ತು. ಅದೇ 118 ಡಿಗ್ರಿ. ಆ ಬಿಸಿ ಪಾಕವನ್ನು ಸಣ್ಣ ಧಾರೆಯಾಗಿ ನೊರೆಗೆ ಸುರಿಯುತ್ತ, ಪಾತ್ರೆ ಆರುವವರೆಗೂ ಕಡೆಯುತ್ತಲೇ ಇರಿ. ಬೆಳ್ಳಗೆ ಹೊಳೆಯುವ ಮೆರಾಂಗ್ ಆಗುತ್ತದೆ. ಅದಕ್ಕೆ ಲಿಂಬೆರಸ, ತುರಿದ ಸಿಪ್ಪೆ, ಬೇರೆಯಾಗಿ ಕಡೆದು ಉಬ್ಬಿಸಿದ 250 ಮಿಲಿಲೀಟರ್ ತಣ್ಣನೆಯ ಕೆನೆ ಇವನ್ನು ಕೆಳಗಿನಿಂದ ಮೇಲಕ್ಕೆ ಹೊರಳಿಸುತ್ತ ಬೆರೆಸಿ. ಬಿಸಿ ಪಾಕ ಸೇರಿದರೂ ಮೊಟ್ಟೆ ಪೂರ್ತಿ ಬೆಂದಿರುವುದಿಲ್ಲ. ತಾಜಾ ಮೊಟ್ಟೆಯನ್ನೇ ಬಳಸಿ, ಎಳೆ ಮಕ್ಕಳಿಗೆ, ಬಸುರಿಯರಿಗೆ, ಕಾಯಿಲೆಯವರಿಗೆ ಕೊಡಬೇಡಿ.

ಮೊಟ್ಟೆ ಸಲ್ಲದ ಮನೆಯವರು ಓದು ನಿಲ್ಲಿಸಬೇಕಿಲ್ಲ. 2014ರಲ್ಲಿ ಫ್ರಾನ್ಸಿನ ಗಾಯಕ ಜೋಯೆಲ್ ರೋಸೆಲ್ ಕಾಳು ಬೇಯಿಸಿದ ನೀರು ಮೊಟ್ಟೆಯ ಬಿಳಿಯಂತೆಯೇ ನೊರೆಗಟ್ಟುತ್ತದೆ ಎಂದು ತೋರಿಸಿದರು. ಮರುವರ್ಷ ಅಮೆರಿಕದ ಗೂಸ್ ವೋಲ್ಟ್ ಎಂಬವರು ಕಾಬೂಲಿ ಕಡಲೆಯ ನೀರಿನಿಂದ ಮೆರಾಂಗ್ ಮಾಡಿ, ಅದಕ್ಕೆ ಲ್ಯಾಟಿನ್ ಭಾಷೆಯ ನೀರು ಮತ್ತು ಕಾಳು ಎಂಬ ಪದಗಳನ್ನು ಕೂಡಿಸಿ 'ಅಕ್ವಾಫಾಬಾ' ಎಂದು ಹೆಸರಿಟ್ಟರು. ನಮ್ಮಲ್ಲಿ ಇದಕ್ಕೆ ಹೆಸರು ಮೊದಲೇ ಇದೆ: ಕಟ್ಟು. ಹೋಳಿಗೆಗೆ ಕಡಲೆಬೇಳೆ ಬೇಯಿಸಿ ಬಸಿದ ನೀರಿನಿಂದ ಕಟ್ಟಿನ ಸಾರು ಮಾಡದ ಮನೆ ಈ ಸೀಮೆಯಲ್ಲಿ ಇಲ್ಲ. ಬೇಳೆ ಕುದಿಯುವಾಗ ಉಕ್ಕಿ ಬರುವ ನೊರೆಯನ್ನು ಸೌಟಿನಿಂದ ತೆಗೆದು ಚೆಲ್ಲಿದ್ದೂ ನಮ್ಮವರೇ. ಮೆರಾಂಗಿಗೆ ಕಾಬೂಲಿ ಕಡಲೆಯ ಕಟ್ಟು ಹೆಚ್ಚು ನಂಬಿಕೆಯದು. ಅರಿಸಿನ, ಎಣ್ಣೆ, ಉಪ್ಪು ಯಾವುದನ್ನೂ ಹಾಕದೆ ಬೇಯಿಸಿ, ಬಸಿದ ನೀರನ್ನು ಅರ್ಧ ಲೋಟಕ್ಕೆ ಇಳಿಯುವವರೆಗೆ ಕುದಿಸಿ, ಫ್ರಿಜ್ಜಿನಲ್ಲಿ ಚೆನ್ನಾಗಿ ತಣ್ಣಗಾಗಿಸಿ ಕಡೆಯಿರಿ. ಮೊಟ್ಟೆಗಿಂತ ಹೆಚ್ಚು ಹೊತ್ತು, ಹತ್ತು ನಿಮಿಷವಾದರೂ ಬೇಕು. ಮುಂದಿನದೆಲ್ಲ ಹಿಂದಿನಂತೆಯೇ.

ಬಟ್ಟಲಿಗೆ ಕಾಗದದ ಪಟ್ಟಿ ಕಟ್ಟುವುದನ್ನು ಮರೆಯಬೇಡಿ. ತುಂಬಿ, ಫ್ರಿಜ್ಜಿನ ಬರ್ಫದ ಅರೆಯಲ್ಲಿ ಒಂದು ರಾತ್ರಿ ಬಿಟ್ಟು, ಬಡಿಸುವ ಹೊತ್ತಿಗೆ ಕಾಗದವನ್ನು ಮೆಲ್ಲಗೆ ಸುಲಿದು ತೆಗೆಯಿರಿ. ಆಮೇಲೆ ತಡಮಾಡಬೇಡಿ. ಮೇ ತಿಂಗಳ ಹುಬ್ಬಳ್ಳಿಯಲ್ಲಿ ಸ್ವಲ್ಪ ಹೊತ್ತಿನಲ್ಲೇ ಅಂಚು ಜಾರತೊಡಗುತ್ತದೆ. ಪೇಡೆಯ ಡಬ್ಬಿಯಂತೆ ಇದನ್ನು ಬೆಂಗಳೂರಿನ ರೈಲಿಗೆ ಹತ್ತಿಸಿ ಕಳಿಸಲು ಬರುವುದಿಲ್ಲ.